ಕುದುರೆ ಹಿಡಿಯ ರಿವಾಲ್ವರು

ಹೊರದೇಶಗಳಲ್ಲಿ ರಿಮ್‌ಫೈರ್ ರಿವಾಲ್ವರುಗಳನ್ನು ಕೂಡಿಡುವವರಿದ್ದಾರೆ. ಗುಂಡಿನ ಅಂಚಿಗೆ ಏಟು ಬಿದ್ದರೆ ಸಿಡಿಯುವ, ಅಂಗೈಯಷ್ಟು ಉದ್ದದ ಹಳೇ ರಿವಾಲ್ವರುಗಳು. ಅವುಗಳ ವಿಡಿಯೋ ನೋಡುತ್ತಾ ನನ್ನ ಎಷ್ಟೋ ಭಾನುವಾರಗಳು ಹೋಗಿವೆ. ಆದರೆ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ವಾಪಸ್ಸು ಬಂದು ನೋಡುವ ಮನುಷ್ಯ ನಾನು. ಮನೆಯಲ್ಲಿ ನಿಜವಾದ ರಿವಾಲ್ವರ್ ಇದ್ದರೆ ಅದು ಸಿಡಿಯುವ ಮೊದಲೇ ನನ್ನ ಎದೆ ಸಿಡಿದಿರುತ್ತದೆ. ಹಾಗಾಗಿ ನಾನು ಹಚ್ಚಿಕೊಂಡಿದ್ದು ದೀಪಾವಳಿಯ ಆಟದ ರಿವಾಲ್ವರುಗಳನ್ನು. ಕೆಂಪು ಪ್ಲಾಸ್ಟಿಕ್ ಉಂಗುರದಲ್ಲಿ ಸುತ್ತಲೂ ಮದ್ದು ಇರುತ್ತದಲ್ಲ, ಅದನ್ನು ಹಾಕಿ ಹೊಡೆಯುವಂಥವು.

ಮೊದಲನೆಯದು ಕೋಲಾರದ ಗುಜರಿ ಅಂಗಡಿಯಲ್ಲಿ ಸಿಕ್ಕಿತು. ಒಂದೇ ಇದ್ದರೆ ಅದಕ್ಕೆ ಬೇಜಾರು ಎಂದು ಇನ್ನೊಂದು ತಂದೆ. ಆಮೇಲೆ ಇರುವುದು ಕಣ್ಣಿಗೆ ಬೀಳುವುದು ನಿಂತು, ಇಲ್ಲದ್ದೇ ಕಾಣತೊಡಗಿತು. ಮಂಡಿ ನೋವಿಟ್ಟುಕೊಂಡು ಮಾಲೂರು, ಮುಳಬಾಗಿಲಿನ ಹಳೇ ಫ್ಯಾನ್ಸಿ ಸ್ಟೋರುಗಳ ಅಟ್ಟ ಹತ್ತಿದೆ. ಮನೆಯಲ್ಲಿ ಮಾತ್ರ ನೆಂಟರ ತಿಥಿಗೆ ಹೋಗಿ ಬರುತ್ತೇನೆ ಎನ್ನುತ್ತಿದ್ದೆ. ಮಾಲೂರಿನ ಒಂದು ಕರೀ ರಿವಾಲ್ವರಿಗಾಗಿ, ಇನ್ನೂ ಗಟ್ಟಿಮುಟ್ಟಾಗಿರುವ ಚಿಕ್ಕಪ್ಪನ ತಿಥಿಯನ್ನೂ ಮಾಡಿಸಿಬಿಟ್ಟೆ.

“ಮಾಲೂರಲ್ಲಿ ಇನ್ನೂ ಯಾರಾದ್ರೂ ಉಳಿದಿದಾರೇನ್ರೀ?” ಎಂದು ಹೆಂಡತಿ ಕೇಳಿದ ದಿನ, ಅವಳಿಗೆ ಎಲ್ಲವೂ ಗೊತ್ತಿದೆ ಎಂದು ನನಗೆ ಗೊತ್ತಾಯಿತು. ಅಷ್ಟರಲ್ಲಿ ಅವಳ ಸೀರೆಯ ಟ್ರಂಕು ರಿವಾಲ್ವರುಗಳಿಂದ ತುಂಬಿ, ಸೀರೆಗಳು ಮಂಚದ ಕೆಳಗೆ ಸೇರಿದ್ದವು.

ಅಂಥ ಹೊತ್ತಿನಲ್ಲಿ ಯಲ್ದೂರಿನ ಮಾವಿನ ತೋಟದಲ್ಲಿ ಅದನ್ನು ಕಂಡೆ. ತೋಟ ಹೆಂಡತಿಯ ದೊಡ್ಡಮ್ಮನದು; ನಾನು ಅವರನ್ನು ಅತ್ತೆ ಎನ್ನುತ್ತೇನೆ. ಅವರ ಸೊಂಟದಲ್ಲಿ ಸಿಕ್ಕಿಸಿದ್ದ ಬೆಳ್ಳಿ ಬಣ್ಣದ ರಿವಾಲ್ವರು, ಹಿಡಿಯ ಮೇಲೆ ಕುದುರೆ ತಲೆ. ವಿಡಿಯೋದಲ್ಲಿ ನೋಡಿದ ರಿಮ್‌ಫೈರಿಗೆ ತಮ್ಮನ ಹಾಗಿತ್ತು. ಅದನ್ನು ತೋರಿಸಿಯೇ ಅವರು ಕೋತಿ ಓಡಿಸುತ್ತಿದ್ದರು. ಮದ್ದು ಕೂಡ ಹಾಕುತ್ತಿರಲಿಲ್ಲ.

“ಅದೊಂದು ತನ್ನಿ, ಅದೇ ಕೊನೇದು,” ಎಂದಳು ಹೆಂಡತಿ, ಮನೆಗೆ ಬಂದು ಹೇಳಿದಾಗ. “ಅದಾದ್ಮೇಲೆ ಇನ್ನೊಂದು ಹೊಸ್ತಿಲು ದಾಟಿದ್ರೆ ಟ್ರಂಕ್ ಸಮೇತ ಗುಜರಿಗೆ.”

ತೋಟಕ್ಕೆ ಹೋಗಿ ಕೇಳಿದರೆ ಅತ್ತೆಗೆ ಅವರದೇ ಚಿಂತೆ. “ಕೊಡೋದಕ್ಕೇನು ಅಳಿಯಂದಿರೇ. ಇದಿಲ್ದಿದ್ರೆ ಒಂದು ಬಾದಾಮಿ ಹಣ್ಣೂ ಮಂಡಿಗೆ ಹೋಗಲ್ಲ. ಕೋತಿ ಹಿಂಗೇ ಹೆದರೋ ಇನ್ನೊಂದು ತನ್ನಿ, ಇದನ್ನ ತಗೊಂಡ್ಹೋಗಿ.”

ಯಾವುದಕ್ಕೆ ಹೆದರುತ್ತದೋ ಯಾರಿಗೆ ಗೊತ್ತು? ಇದ್ದಬದ್ದದ್ದನ್ನೆಲ್ಲ ಚೀಲಕ್ಕೆ ತುಂಬಿ ಬಸ್ಸು ಹತ್ತಿದೆ. ಶ್ರೀನಿವಾಸಪುರದಲ್ಲಿ ಪೊಲೀಸಪ್ಪನೊಬ್ಬ ಹತ್ತಿ ನನ್ನ ಪಕ್ಕವೇ ಕೂತ. ಚೀಲ ಅವನ ಮೊಣಕಾಲಿಗೆ ತಗುಲಿ ಸದ್ದಾಯಿತು.

“ಏನ್ರೀ ಇದು ಕಬ್ಬಿಣ?”

“ನಲ್ಲಿ ಸಾಮಾನು ಸಾರ್.”

“ಹೌದಾ? ನಮ್ಮನೇದೂ ಸೋರ್ತಾ ಐತೆ. ಯಾವತ್ತು ಬರ್ತೀರ?”

ಬರುವ ವಾರ ಎಂದೆ. ಆ ನಲ್ಲಿಯ ಚಿಂತೆ ಈಗಲೂ ನನಗಿದೆ.

ತೋಟದಲ್ಲಿ ಪಂಪ್ ಮನೆಯ ಮೇಲೆ ದೊಡ್ಡ ಗಂಡು ಕೋತಿಯೊಂದು ಮಾವಿನಹಣ್ಣು ಹಿಡಿದು ಕೂತಿತ್ತು. ನಾನು ಒಂದೊಂದಾಗಿ ಮದ್ದು ಹಾಕಿ ಹೊಡೆದೆ. ಅದು ತಿನ್ನುತ್ತಾ ನೋಡಿತು. ಬೆವರು ಕಣ್ಣಿಗಿಳಿಯಿತು, ಬೆರಳು ಕಪ್ಪಾಯಿತು.

“ಅಳಿಯಂದಿರು ಅಂತ ಅದಕ್ಕೂ ಗೊತ್ತಾಗೈತೆ. ಮರ್ಯಾದೆ ಕೊಟ್ಟು ಕೂತೈತೆ,” ಎಂದರು ಅತ್ತೆ.

ಕೊನೆಗೆ ಅವರ ಕುದುರೆ ಹಿಡಿಯದನ್ನೇ ಇಸಿದುಕೊಂಡು ಗುರಿಯಿಟ್ಟೆ. ಕೋತಿ ಕಂಕುಳು ಕೆರೆದುಕೊಂಡಿತು. ನನಗೆ ಸಾಕಾಗಿ ಬದುವಿನ ಮೇಲೆ ಕೂತೆ. ಅತ್ತೆ ಚೀಲಕ್ಕೆ ಕೈಹಾಕಿ ಸಿಕ್ಕಿದ್ದನ್ನು ಎತ್ತಿಕೊಂಡು ಎದ್ದರು. ನನ್ನೊಡನೆ ಕನ್ನಡ, ಕೋತಿಯೊಡನೆ ತೆಲುಗು ಅವರದು. “ಪೋರಾ ದೊಂಗ!” ಎಂದು ಕಳ್ಳನನ್ನು ಅಟ್ಟುವಂತೆ ಕೂಗಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಕೋತಿ ಪಕ್ಕದ ತೋಟದ ಬೇಲಿ ದಾಟಿತ್ತು.

ಅತ್ತೆ ಕೈಯಲ್ಲಿದ್ದದ್ದನ್ನು ತಿರುಗಿಸಿ ನೋಡಿದರು. “ಇದು ಹಗುರಾಗೈತೆ, ಇದೇ ಇರ್ಲಿ. ಆ ಕುದುರೇದು ನೀವಿಟ್ಕೊಳ್ಳಿ.”

ಅದು ಮಾಲೂರಿನ ಕರಿಯದು, ಚಿಕ್ಕಪ್ಪನ ತಿಥಿಯದು. ಕೋತಿ ಹೆದರಿದ್ದು ಅದಕ್ಕಲ್ಲ, ನಿಮಗೆ ಎಂದು ಹೇಳಬೇಕೆನಿಸಿತು. ಹೇಳಿದರೆ ಕುದುರೆಯದನ್ನೂ ಕೊಡದೆ ಇದ್ದಾರು ಎಂದು ಬಾಯಿ ಮುಚ್ಚಿಕೊಂಡೆ.

“ಸಿಕ್ತಾ?” ಎಂದಳು ಹೆಂಡತಿ.

“ಸಿಕ್ತು.”

“ಮುಗೀತಲ್ಲ?”

“ಮುಗೀತು.”

ಕುದುರೆ ಹಿಡಿಯದನ್ನು ಟ್ರಂಕಿನಲ್ಲಿ ಮಲಗಿಸಿದೆ. ಪಕ್ಕದಲ್ಲಿ ಕರಿಯದರ ಜಾಗ ಖಾಲಿ, ಬಟ್ಟೆಯ ಮೇಲೆ ಅದರ ಅಚ್ಚು ಹಾಗೇ ಇತ್ತು. ಟ್ರಂಕು ಮುಚ್ಚಿದರೂ ಅದು ಕಾಣುತ್ತಿತ್ತು. ಅಂಥದ್ದೇ ಒಂದನ್ನು ಮುಳಬಾಗಿಲಿನ ಅಟ್ಟದಲ್ಲಿ ಬಿಟ್ಟುಬಂದ ನೆನಪು.

ಶನಿವಾರ ಕಾಫಿ ಕುಡಿಯುತ್ತಾ, “ನಾಳೆ ಮುಳಬಾಗಿಲಲ್ಲಿ ಒಂದು ತಿಥಿ...” ಎಂದೆ.

ಹೆಂಡತಿ ಟೊಮೆಟೊ ಹೆಚ್ಚುತ್ತಿದ್ದವಳು ತಲೆಯೆತ್ತಲಿಲ್ಲ. “ಹೋಗ್ಬನ್ನಿ, ಊಟ ಅಲ್ಲೇ ಮಾಡ್ಕೊಳ್ಳಿ. ಹೋಗ್ತಾ ಗುಜರಿಯವನಿಗೆ ಬಂದು ಟ್ರಂಕ್ ನೋಡೋಕೆ ಹೇಳ್ಬಿಡಿ.”

ಕಾಫಿ ಮುಗಿಸಿ ಲೋಟ ಕೆಳಗಿಟ್ಟೆ.

“ತಿಥಿ ಮುಂದಕ್ಕೆ ಹೋಯ್ತಂತೆ,” ಎಂದೆ.