ಲ್ಯಾಮಿನೇಷನ್ ಆದ ಸ್ತೋತ್ರ

ಇವತ್ತ ನಾ ಒಂದು ತಪ್ಪು ಮಾಡೀನ್ರಿ, ನಿಮ್ಮ ಮುಂದರೆ ಹೇಳಿಬಿಡ್ತೀನಿ.

ಸೊಲ್ಲಾಪುರದಾಗ ನಮ್ಮ ಅವ್ವನ ತಂಗಿ, ಮಾವಶಿ ಮನಿಗೆ ಹೋಗಿದ್ದೆ. ಚಾದರ ಅಂಗಡಿಯವರ ಮನಿ. ಅಲ್ಲಿ ಕನ್ನಡ ಓದಾಕ ಬರೋದು ಮಾವಶಿ ಒಬ್ಬಾಕಿಗೇ. ದಿನಾ ಪೂಜಿ ಆದ ಮ್ಯಾಲ ದೇವರ ಮನ್ಯಾಗ ಕೂತು ಒಂದು ಹಳೇ ಕಾಗದ ತಗದು ತುಟಿ ಅಲುಗಿಸಿ ಓದ್ತಾಳ. ಯಾವುದೋ ಸ್ತೋತ್ರ ಅಂತ ತಿಳಿದು ಸೊಸಿ ಸ್ನೇಹಲ ಅದಕ್ಕ ಲ್ಯಾಮಿನೇಷನ್ ಮಾಡಿಸಿ, ಮ್ಯಾಲ ಅರಿಷಿಣ-ಕುಂಕುಮ ಹಚ್ಚಿಟ್ಟಿದ್ಲು.

"ಅಕ್ಕಾ, ಓದಿ ಹೇಳ್ರಿ. ನಾನೂ ಮರಾಠ್ಯಾಗ ಬರಕೊಂಡು ಬಾಯಿಪಾಠ ಮಾಡ್ತೀನಿ" ಅಂದ್ಲು.

ಮಾವಶಿ ಮುಖಾನೂ ನೋಡದೆ ನಾ ಜೋರಾಗಿ ಓದಿಬಿಟ್ಟೆ: "ಹಂಪಿ. ಕಾರವಾರದ ಸಮುದ್ರ. ಬರ್ಫ ಬೀಳೋ ಯಾವುದರೆ ಊರು. ಕುರನೂರ ಡ್ಯಾಮ್, ನೀರು ತುಂಬಿದಾಗ."

ಸ್ತೋತ್ರ ಅಲ್ಲ, ಆಕಿ ನೋಡಬೇಕಂದಿದ್ದ ಜಾಗಾದ ಪಟ್ಟಿ. ಮಾವಶಿ ತಲಿ ತಗ್ಗಿಸಿದ್ಲು. ಆಕಿ ಗಂಡ, ನಮ್ಮ ಕಾಕಾ, ಥಟ್ಟನ ಅಂದ್ರು: "ಕುರನೂರ ಇಲ್ಲೇ ಅಕ್ಕಲಕೋಟ ಹತ್ರಾನೇ ಅದ! ಹೇಳಿದ್ರ ಕರಕೊಂಡು ಹೋಗತಿದ್ನಲ್ಲ?"

"ಮೊದಲ ನಿಮಗೇ ಹೇಳೀನ್ರಿ. ಆಮ್ಯಾಲೇ ಇದರಾಗ ಬರದೀನಿ" ಅಂದ್ಲು ಮಾವಶಿ.



ನಾ ಹೊಂಟಾಗ ಮಾವಶಿ ಬಾಗಿಲ ತನಕ ಬಂದ್ಲು. ಬೈತಾಳ ಅಂದ್ಕೊಂಡೆ. ಮೆಲ್ಲಕ ಕೇಳಿದ್ಲು: "ನಾಳೆ ನಾ ಎಸ್.ಟಿ. ಬಸ್ ಹಿಡದು ಕುರನೂರಿಗೆ ಒಬ್ಬಾಕಿನೇ ಹೋಗಾಕಿ. ಹೋಗಿಬಂದ ಮ್ಯಾಲ ಗುರ್ತು ಹಾಕಬೇಕಲ್ಲ, ಈ ಪ್ಲಾಸ್ಟಿಕ್ ಮ್ಯಾಲ ಪೆನ್ನು ಮೂಡತದೇನ?"

ಮೂಡಂಗಿಲ್ಲ. ಅದಕ್ಕ ಬರೋ ಮುಂದ ಒಂದು ಮಾರ್ಕರ್ ಕೊಂಡು ಆಕಿ ಕೈಯಾಗ ಕೊಟ್ಟು ಬಂದೀನಿ. ಆಕಿ ಸ್ತೋತ್ರ ನಾಳೆ ಕಡೀ ಸಾಲಿನಿಂದ ಶುರು ಆಗತದ.