ಮೇಲ್ಹೊಲಕ್ಕೆ ಟ್ರ್ಯಾಕ್ಟರ್ ಹತ್ತಿಸಿದ್ದು

ಆ ಬೆಳಿಗ್ಗೆ ಗುಡ್ಡದ ಹತ್ತಿರ ಇದ್ದವರು ನಾಲ್ಕೇ ಜನ. ಟ್ರ್ಯಾಕ್ಟರಿನ ಸೀಟಿನಲ್ಲಿ ನನ್ನ ಗಂಡ. ಪಕ್ಕದ ಮಡ್‌ಗಾರ್ಡಿನ ಮೇಲೆ, ಬಂಡಿಯ ಮೂಕಿಯ ಮೇಲೆ ಕುಂತ ಹಾಗೆ ಕಾಲು ಇಳಿಬಿಟ್ಟುಕೊಂಡು ನಮ್ಮ ಮಾವ. ಗುಡ್ಡದ ಬುಡದಲ್ಲಿ ಬುತ್ತಿ ಗಂಟು ಹಿಡಿದ ಅತ್ತೆ. ಅತ್ತೆಯ ಬೆನ್ನಿಗೆ ಮಜ್ಜಿಗೆ ತಂಬಿಗೆ ಹಿಡಿದುಕೊಂಡು ನಾನು. ಕೃತ್ತಿಕೆ ಮಳೆ ಒಂದು ಹದ ಬಿದ್ದು ಎರಡು ದಿನವಾಗಿತ್ತು. ಶೇಂಗಾ ಬಿತ್ತನೆಗೆ ಮುಂಚೆ ಮೇಲ್ಹೊಲ ಉಳಬೇಕಿತ್ತು.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಹೊಸದುರ್ಗದ ಕಡೆಯ ಹುಡುಗಿ, ಧರ್ಮಪುರದ ಕಡೆಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ನಾನು ಬಂದ ಮಾರನೆ ವರ್ಷ ಮನೆಗೆ ಟ್ರ್ಯಾಕ್ಟರ್ ಬಂತು. ಸುತ್ತಲ ನಾಲ್ಕು ಹಳ್ಳಿಗೆ ಅದೊಂದೇ. ಅದು ಬಂದ ದಿನ ನಮ್ಮ ಮಾವ ಅದರ ಮುಂದಿನ ಗಾಲಿಗೆ ಕುಂಕುಮ ಹಚ್ಚಿ, ಕೈ ಮುಗಿದು, "ಹುಲ್ಲು ಕೇಳಲ್ಲ, ನೀರು ಕೇಳ್ತೈತಂತೆ, ಎಂಥ ದನವಪ್ಪ ಇದು" ಅಂದಿದ್ದರು. ಅವರು ಹುಟ್ಟಾ ಬಂಡಿಯವರು. ಮೀಸೆ ಮೂಡುವ ಮುಂಚಿನಿಂದ ಹಿರಿಯೂರಿಗೆ ಶೇಂಗಾ, ಮಾರಿಕಣಿವೆಯ ಕಡೆಯಿಂದ ಹುಲ್ಲು, ಹೀಗೆ ಬಂಡಿ ಹೊಡೆದೇ ಬದುಕಿದವರು. ಅವರ ಬಂಡಿ ಒಂದು ದಿನವೂ ಮಗುಚಿರಲಿಲ್ಲ ಅಂತ ಊರೇ ಹೇಳುತ್ತಿತ್ತು.

ನಮ್ಮ ಮೇಲ್ಹೊಲ ಇದ್ದದ್ದು ಗುಡ್ಡದ ಹೆಗಲ ಮೇಲೆ. ಮೇಲೆ ಹೋದರೆ ಅಂಗೈಯಷ್ಟು ಸಮ ಇರುವ ಕೆಮ್ಮಣ್ಣಿನ ಹೊಲ; ಅಲ್ಲಿಗೆ ಹೋಗುವ ಏರು ಮಾತ್ರ ಬೋಳು, ಜಲ್ಲಿಕಲ್ಲು. ಎತ್ತಿನ ಬಂಡಿಯವರು ಇಂಥ ಏರನ್ನು ನೆಟ್ಟಗೆ ಹತ್ತುವುದಿಲ್ಲ. ಹತ್ತಿಸಿದರೆ ಎತ್ತಿನ ಎದೆ ಒಡೆಯುತ್ತದೆ. ಸ್ವಲ್ಪ ದೂರ ಎಡಕ್ಕೆ ಓರೆ, ಆಮೇಲೆ ಬಲಕ್ಕೆ ಓರೆ, ಹಾವು ಹರಿದ ಹಾಗೆ ಹತ್ತಿಸುತ್ತಾರೆ. ಬಂಡಿ ಒಂದು ಪಕ್ಕಕ್ಕೆ ವಾಲಿತೋ, ಹೊಡೆಯುವವನು ಕೆಳಗೆ ಹಾರಿ ತಗ್ಗಿನ ಕಡೆಗೆ ಓಡಿ ಹೆಗಲು ಕೊಡುತ್ತಾನೆ. ಇದು ಆ ಕಡೆಯ ಗಂಡಸರ ಮೈಗೆ ಹತ್ತಿದ ಕೆಲಸ. ಯೋಚನೆ ಮಾಡಿ ಮಾಡುವುದಲ್ಲ. ಬಂಡಿ ವಾಲುವುದಕ್ಕೆ ಮುಂಚೆಯೇ ಹೆಗಲು ಅಲ್ಲಿರುತ್ತದೆ.

ನಮ್ಮ ಮಾವ ಟ್ರ್ಯಾಕ್ಟರನ್ನೂ ಹಾಗೇ ಹತ್ತಿಸಬೇಕು ಅಂತ ಹಟ ಹಿಡಿದಿದ್ದರು.

"ಓರೆ ತಗಳಲೇ, ಓರೆ ತಗ! ಹಂಗೆ ನೆಟ್ಟಗೆ ನುಗ್ಗಿದ್ರೆ ಉಸಿರು ಕಟ್ಟತೈತೆ ಅದಕ್ಕೆ."

"ಅಪ್ಪಾ, ಇದಕ್ಕೆ ಉಸಿರು ಎಲ್ಲೈತೆ? ಇಂಜಿನ್ನು ಇದು."

"ಮತ್ತೆ ಹೊಗೆ ಎಲ್ಲಿಂದ ಬಿಡ್ತೈತೋ ಮಗನೇ?"

ನನ್ನ ಗಂಡ ಇಪ್ಪತ್ತಾರು ವರ್ಷದ ಗಂಡಸು. ಅಪ್ಪನ ಮಾತಿಗೆ ಎದುರಾಡುತ್ತಾ ಆಡುತ್ತಾ ಕೊನೆಗೆ ಅಪ್ಪ ಹೇಳಿದ ಕಡೆಗೇ ಚಕ್ರ ತಿರುಗಿಸುವವರು. ಹೋದ ಸಲದ ಉಳುಮೆಯಲ್ಲಿ ಎರಡು ಸಲ ಓರೆಗೆ ಹತ್ತಿಸಿ ಬಚಾವಾಗಿ ಬಂದಿದ್ದರು. ಬಚಾವಾದದ್ದು ನನಗೆ ಮಾತ್ರ ಗೊತ್ತಿತ್ತು. ಅವರಿಬ್ಬರೂ ಅದನ್ನು ಹತ್ತಿದ್ದು ಅಂತ ತಿಳಿದುಕೊಂಡಿದ್ದರು.

ಯಾಕೆ ಅಂದರೆ, ನಾನು ಒಂದನ್ನು ಕಣ್ಣಾರೆ ಕಂಡಿದ್ದೆ. ನನ್ನ ಮದುವೆಗೆ ಮುಂಚೆ ತವರೂರಿನ ಕೆರೆ ಏರಿಯ ಇಳಿಜಾರಿನಲ್ಲಿ ಒಂದು ಟ್ರ್ಯಾಕ್ಟರ್ ಅಡ್ಡಡ್ಡ ಹೋಗುತ್ತಿತ್ತು. ಜೋರಾಗೂ ಇರಲಿಲ್ಲ. ಮೇಲ್ಗಡೆಯ ದೊಡ್ಡ ಗಾಲಿ ಒಂದು ಸಣ್ಣ ದಿಬ್ಬ ಹತ್ತಿತು, ಅಷ್ಟೇ. ನಿದ್ದೆ ಬಂದ ದನ ಮಗ್ಗುಲು ಬದಲಿಸಿದ ಹಾಗೆ ನಿಧಾನವಾಗಿ ಉರುಳಿತು. ನಾನು ಬಟ್ಟೆ ಒಗೆಯುತ್ತಿದ್ದವಳು ಎದ್ದು ನಿಲ್ಲುವುದರೊಳಗೆ ಓಡಿಸುತ್ತಿದ್ದವನು ಅದರ ಅಡಿಗೆ ಹೋಗಿದ್ದ. ಎತ್ತುವ ಹೊತ್ತಿಗೆ ಜೀವ ಇರಲಿಲ್ಲ. ನನ್ನ ಅಣ್ಣ ಬೇರೆಯವರ ತೋಟದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಆ ದಿನ ಅವನು ಊಟ ಬಿಟ್ಟು ಕುಂತು ನನಗೂ ಅವ್ವನಿಗೂ ಒಂದೇ ಸಮನೆ ಹೇಳಿದ್ದ: "ಏರಿನಲ್ಲಿ ಇದನ್ನ ಅಡ್ಡ ಒಯ್ಯಬಾರದು. ಹತ್ತಿದ್ರೆ ನೆಟ್ಟಗೆ, ಇಳಿದ್ರೆ ನೆಟ್ಟಗೆ. ನಡುವೆ ನಿಂತುಹೋದ್ರೆ ತಿರುಗಿಸಬಾರದು, ಹಿಂದಿನ ಗೇರಿನಲ್ಲೇ ಮೆಲ್ಲಗೆ ಹಿಂದಕ್ಕೆ ಇಳಿಸಬೇಕು. ಹೋಯ್ತು ಅಂದ್ರೆ ಮೇಲ್ಗಡೆಗೆ ಹಾರಬೇಕು, ತಗ್ಗಿಗೆ ಹಾರಿದೋನು ಕೆಟ್ಟ."

ಇದನ್ನು ನಾನು ನನ್ನ ಗಂಡನಿಗೆ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. "ನೀನು ಹೇಳಾದು ಖರೆ ಕಣೆ. ಆದ್ರೆ ಅಪ್ಪ ಪಕ್ಕದಾಗೆ ಕುಂತಿರ್ತಾನೆ, ಏನು ಮಾಡ್ಲಿ?" ಅನ್ನುತ್ತಿದ್ದರು. ಹಾಗಾದರೆ ಹೇಳಬೇಕಾದದ್ದು ಮಾವನಿಗೆ. ಅಲ್ಲೇ ಇತ್ತು ತೊಡಕು. ನಮ್ಮ ಮನೆಗಳಲ್ಲಿ ಸೊಸೆ ಮಾವನ ಜೊತೆ ನೇರ ಮಾತಾಡುವಂತಿಲ್ಲ. ಅವರು ಬಂದರೆ ಸೆರಗು ಎಳೆದುಕೊಂಡು ಕಂಬದ ಮರೆಗೆ ಹೋಗಬೇಕು. ಏನಾದರೂ ತಿಳಿಸಲೇಬೇಕು ಅಂದರೆ ಕೊಟ್ಟಿಗೆಯ ಕರುವಿಗೆ ಹೇಳಬೇಕು, ಮಾವ ಕೇಳಿಸಿಕೊಳ್ಳುತ್ತಾರೆ. ಎರಡು ವರ್ಷ ನಾನೂ ಮಾವನೂ ಆ ಕರುವಿನ ಮೂಲಕವೇ ಮಾತಾಡಿದ್ದೆವು. ಉಪ್ಪು ಮುಗಿದದ್ದು, ನೆಂಟರು ಬರುವುದು, ಎಲ್ಲ ಅದರ ಕಿವಿಗೇ.

ಉಳುಮೆಯ ಹಿಂದಿನ ದಿನ ನಾನು ಕರುವಿನ ಮೈ ಸವರುತ್ತಾ ಗಟ್ಟಿಯಾಗಿ ಹೇಳಿದೆ: "ನೋಡು ಕರುವೇ, ನಮ್ಮೂರಾಗೆ ಟ್ರ್ಯಾಕ್ಟರನ್ನ ಏರಿನಾಗೆ ಓರೆ ತಗಂಡು ಹೋಗಿ ಒಬ್ಬ ಸತ್ತೇಹೋದ. ಅದು ಬಂಡಿ ಅಲ್ಲವಂತೆ. ನೆಟ್ಟಗೆ ಹತ್ತಿಸಬೇಕಂತೆ."

ಪಡಸಾಲೆಯಲ್ಲಿ ಹಗ್ಗ ಹೊಸೆಯುತ್ತಿದ್ದ ಮಾವ ತಲೆ ಎತ್ತದೆ ಅಂದರು: "ಕರುವೇ, ನಿನ್ನ ಯಜಮಾನ್ತಿಗೆ ಹೇಳು. ನಲವತ್ತು ವರ್ಷ ಬಂಡಿ ಹೊಡ್ದೋನಿಗೆ ಗುಡ್ಡ ಹತ್ತಾದು ಹೊಸದುರ್ಗದವರು ಕಲಿಸಬೇಕಾಗಿಲ್ಲ ಅಂತ."

ಒಳಗಿಂದ ಅತ್ತೆ ಕಿಸಕ್ಕನೆ ನಕ್ಕರು. ನನಗೆ ನಗು ಬರಲಿಲ್ಲ.

ಬೆಳಿಗ್ಗೆ ರೊಟ್ಟಿ ತಟ್ಟುವಾಗ ಎರಡು ಸೀದು ಹೋದವು. ಟ್ರ್ಯಾಕ್ಟರ್ ಮನೆ ಮುಂದೆ ಗುರುಗುಟ್ಟುತ್ತಿತ್ತು. ಹೋದ ವರ್ಷವೆಲ್ಲ ನಾನು ಅಡಿಗೆ ಮನೆಯಲ್ಲಿ ಕುಂತು ಆ ಸದ್ದನ್ನೇ ಕೇಳುತ್ತಿದ್ದೆ. ಗುಡ್ಡದ ಕಡೆಯಿಂದ ಸದ್ದು ಸಮನಾಗಿ ಬರುತ್ತಿದ್ದರೆ ಕೈ ಕೆಲಸ ಮಾಡುತ್ತಿತ್ತು. ಸದ್ದು ಏರಿದರೆ ಕೈ ನಿಲ್ಲುತ್ತಿತ್ತು. ಸದ್ದೇ ನಿಂತರೆ ಎದ್ದು ಹಿತ್ತಿಲಿಗೆ ಹೋಗಿ, ಅದು ಮತ್ತೆ ಶುರುವಾಗುವ ತನಕ ಅತ್ತಿಂದಿತ್ತ ಓಡಾಡುತ್ತಿದ್ದೆ. "ಏನವ್ವ, ಕಾಲಿಗೆ ಇರುವೆ ಹತ್ಯಾವಾ?" ಅನ್ನುತ್ತಿದ್ದರು ಅತ್ತೆ. ಈ ಸಲ ಕೇಳುತ್ತಾ ಕುಂತಿರುವುದು ನನ್ನಿಂದ ಆಗಲಿಲ್ಲ. "ಬುತ್ತಿ ಮುಂಚೆನೇ ಒಯ್ಯಾಣ ಅತ್ತೆ" ಅಂದೆ. ಅತ್ತೆ ನನ್ನ ಮುಖ ನೋಡಿ, ಬುತ್ತಿ ಗಂಟು ಎತ್ತಿಕೊಂಡು ಹೊರಟರು.

ಹಾಗೆ ನಾವು ಬುಡದಲ್ಲಿ ನಿಂತಿದ್ದೆವು. ಟ್ರ್ಯಾಕ್ಟರ್ ಹಿಂದೆ ನೇಗಿಲು ಎತ್ತಿಕೊಂಡು ಏರು ಹಿಡಿಯಿತು. ನನ್ನ ಗಂಡ ಮೊದಲು ನೆಟ್ಟಗೇ ಹೊರಟರು. ಅರ್ಧಕ್ಕೆ ಹೋಗಿದ್ದರೇನೋ, ಹಿಂದಿನ ಗಾಲಿ ಜಲ್ಲಿಯಲ್ಲಿ ತಿರುಗಿ, ಇಂಜಿನ್ ಕೆಮ್ಮಿ ಆರಿತು. ಅವರು ಬ್ರೇಕು ಒತ್ತಿ ನಿಲ್ಲಿಸಿ ಮತ್ತೆ ಶುರು ಮಾಡಿದರು.

"ನಾ ಹೇಳಲಿಲ್ವೇನಲೇ? ಎದೆ ಕಟ್ತು ನೋಡು. ಎಡಕ್ಕೆ ಓರೆ ತಗ!"

"ಅಪ್ಪಾ, ಹಿಂದಕ್ಕೆ ಇಳಿಸ್ತೀನಿ."

"ಹಿಂದಕ್ಕಾ? ಊರು ನೋಡಿ ನಗಬೇಕಾ? ತಿರುಗಿಸಲೇ!"

ಚಕ್ರ ತಿರುಗಿತು. ಟ್ರ್ಯಾಕ್ಟರ್ ಏರಿಗೆ ಅಡ್ಡವಾಗಿ ನಾಲ್ಕು ಮಾರು ಹೋಯಿತು. ತಗ್ಗಿನ ಗಾಲಿ ಮಳೆ ನೀರು ಕೊರೆದ ಸಣ್ಣ ಕೊರಕಲಿಗೆ ಇಳಿಯಿತು. ಮೇಲ್ಗಡೆಯ ಗಾಲಿ, ಮಾವ ಕುಂತಿದ್ದ ಕಡೆಯದು, ನೆಲ ಬಿಟ್ಟಿತು. ಇಂಜಿನ್ ಮತ್ತೆ ಆರಿತು. ಗಾಲಿ ಗಾಳಿಯಲ್ಲಿ ಒಂದು ಗೇಣು ಎತ್ತರ ನಿಂತಿತ್ತು, ಬೀಳಲೂ ಇಲ್ಲ, ಇಳಿಯಲೂ ಇಲ್ಲ. ಗುಡ್ಡವೆಲ್ಲ ನಿಶ್ಶಬ್ದ.

ಮಾವ ಮೇಲ್ಗಡೆಗೆ ಹಾರಿದರು. ಅಬ್ಬಾ ಅಂದುಕೊಂಡೆ. ಆದರೆ ಅವರು ಅಲ್ಲಿ ನಿಲ್ಲಲಿಲ್ಲ. ಟವೆಲ್ಲು ಹೆಗಲಿಗೆ ಮಡಚಿ ಹಾಕಿಕೊಂಡು, "ತಡಿ, ಹೆಗಲು ಕೊಡ್ತೀನಿ!" ಅಂತ ಟ್ರ್ಯಾಕ್ಟರಿನ ಮೂತಿ ಸುತ್ತಿ ತಗ್ಗಿನ ಕಡೆಗೆ ಓಡಿದರು. ನಲವತ್ತು ವರ್ಷ ಬಂಡಿಯನ್ನು ಕಾಪಾಡಿದ ಹೆಗಲು ಅದು.

ಆಗ ನನಗೆ ಸೆರಗೂ ನೆನಪಾಗಲಿಲ್ಲ, ಕರುವೂ ನೆನಪಾಗಲಿಲ್ಲ.

"ಮಾವಾ! ನಿಂತ್ಕಳ್ರಿ! ತಗ್ಗಿಗೆ ಹೋಗಬ್ಯಾಡ್ರೀ!"

ನನ್ನ ಗಂಟಲಿನಿಂದ ಅಷ್ಟು ದೊಡ್ಡ ದನಿ ಅದಕ್ಕೆ ಮುಂಚೆ ಬಂದಿರಲಿಲ್ಲ. ಮಾವ ನಿಂತರು. ಟ್ರ್ಯಾಕ್ಟರಿಗೆ ಹೆದರಿ ನಿಂತದ್ದಲ್ಲ. ಎರಡು ವರ್ಷ ಮನೆಯಲ್ಲಿದ್ದರೂ ಕೇಳದ ದನಿ ತನ್ನನ್ನೇ ಕರೆಯಿತು ಅಂತ ಬೆರಗಾಗಿ ನಿಂತರು. ಮೂತಿಯ ಹತ್ತಿರ ಒಂದು ಕಾಲು ಮುಂದೆ ಇಟ್ಟು, ಕತ್ತು ತಿರುಗಿಸಿ ನನ್ನ ಕಡೆ ನೋಡಿದರು.

"ಮೇಲಕ್ಕೆ ಬರ್ರಿ ಮಾವಾ! ರೀ, ನೀವು ಮೇಲ್ಗಡೆಗೆ ಹಾರ್ರಿ!"

ಮಾವ ಎರಡು ಹೆಜ್ಜೆ ಹಿಂದಕ್ಕೆ, ಮೇಲಕ್ಕೆ ಹೋದರು. ನನ್ನ ಗಂಡ ಬ್ರೇಕು ಬಿಟ್ಟು ಎಗರಿದರು. ಅವರ ಕಾಲು ನೆಲಕ್ಕೆ ತಾಗುವುದಕ್ಕೂ ಟ್ರ್ಯಾಕ್ಟರ್ ಹೊರಳುವುದಕ್ಕೂ ಸರಿಹೋಯಿತು. ಒಂದು ಸಲ ಮಗುಚಿತು, ಗಾಲಿ ಆಕಾಶಕ್ಕೆ ಮಾಡಿತು, ಇನ್ನೊಂದು ಸಲ ಹೊರಳಿ ಕೊರಕಲಿಗೆ ಅಡ್ಡ ಬಿತ್ತು. ಮಾವ ಹೆಗಲು ಕೊಡಲು ಹೊರಟಿದ್ದ ಜಾಗದಲ್ಲಿ ಸ್ಟೇರಿಂಗ್ ಚಕ್ರ ಮಣ್ಣಿಗೆ ಹೂತಿತ್ತು.

ನಾನು ಮಜ್ಜಿಗೆ ತಂಬಿಗೆ ಎಲ್ಲಿ ಬಿಟ್ಟೆನೋ. ಓಡಿ ಹತ್ತಿ ಹೋದೆ. ನನ್ನ ಗಂಡನ ಕಾಲು ಉಳುಕಿತ್ತು, ಮೊಣಕೈ ತರಚಿತ್ತು, ಅಷ್ಟೇ. ಮಾವ ಒಂದು ಬಂಡೆಯ ಮೇಲೆ ಕುಂತು ಟವೆಲ್ಲಿನಿಂದ ಮುಖ ಒರೆಸುತ್ತಲೇ ಇದ್ದರು. ಏದುಸಿರು ಬಿಡುತ್ತಾ ಹತ್ತಿ ಬಂದ ಅತ್ತೆ ಅಂದರು: "ಅಯ್ಯೋ ನನ್ನವ್ವ, ಈ ಗಂಟಲು ಎಲ್ಲಿ ಬಚ್ಚಿಟ್ಟಿದ್ದೆ? ಧರ್ಮಪುರದ ತನಕ ಕೇಳಿಸಿರತೈತೆ!" ಅಂದು, ಮಗನನ್ನು ತಬ್ಬಿಕೊಂಡು ಅತ್ತುಬಿಟ್ಟರು.

ಆಮೇಲಿನ ಎಂಟು ದಿನ ಇದೆಯಲ್ಲ, ಅದು ಆ ಬೆಳಿಗ್ಗೆಗಿಂತ ಕಷ್ಟ. ಊರಿನವರು ಏಳು ಜೊತೆ ಎತ್ತು ಕಟ್ಟಿ ಟ್ರ್ಯಾಕ್ಟರನ್ನು ಎಳೆದು ನಿಲ್ಲಿಸಿದರು. ಆಗ ಮಾತ್ರ ಮಾವ, "ನೋಡ್ದೇನಲೇ, ಕೊನೆಗೆ ಎತ್ತೇ ಬೇಕಾತು" ಅಂದರಂತೆ. ಮನೆಯಲ್ಲಿ ಮಾತ್ರ ಬಾಯಿ ಬಿಡಲಿಲ್ಲ. ಕರುವಿನ ಹತ್ತಿರವೂ ಮಾತಿಲ್ಲ. ತಟ್ಟೆ ಇಟ್ಟರೆ ಉಣ್ಣುತ್ತಿದ್ದರು, ಎದ್ದು ಹೋಗುತ್ತಿದ್ದರು. ನಾನು ಒರಳಿನ ಹತ್ತಿರ ಕುಂತರೆ ಏಳುತ್ತಿದ್ದೆ, ಎದ್ದರೆ ಕೂರುತ್ತಿದ್ದೆ. ಹೆಸರು ಹಿಡಿದು ಕೂಗಿದ್ದರೂ ಇಷ್ಟಾಗುತ್ತಿರಲಿಲ್ಲವೇನೋ, ನಾಲ್ಕು ಹೊಲದವರಿಗೆ ಕೇಳುವ ಹಾಗೆ ಮಾವನಿಗೆ ಅಪ್ಪಣೆ ಮಾಡಿದ್ದೆನಲ್ಲ. ತವರಿಗೆ ಕಳಿಸುತ್ತಾರೇನೋ ಅಂತ ಒಂದು ಸಲ. ಕಳಿಸಿದರೆ ಕಳಿಸಲಿ, ಇಬ್ಬರೂ ಬದುಕಿದ್ದಾರಲ್ಲ ಅಂತ ಇನ್ನೊಂದು ಸಲ. ಗಂಡನ ಮೇಲೂ ರೇಗಿದೆ. "ಹಿಂದಕ್ಕೆ ಇಳಿಸ್ತೀನಿ ಅಂತ ಬಾಯಾಗೆ ಬಂದಿತ್ತಲ್ಲ ನಿಮಗೆ, ಕೈಗೆ ಯಾಕೆ ಬರಲಿಲ್ಲ?" ಅವರು ಉಳುಕಿದ ಕಾಲಿಗೆ ಬಿಸಿ ಎಣ್ಣೆ ತಿಕ್ಕಿಕೊಂಡರು. "ತಪ್ಪಾತು ಕಣೆ" ಅಂದದ್ದು ಮೂರನೆಯ ದಿನ.

ಒಂಬತ್ತನೆಯ ದಿನ ಮಧ್ಯಾಹ್ನ ನಾನು ಹುರುಳಿ ಆರಿಸುತ್ತಿದ್ದೆ. ಮಾವ ಅಡಿಗೆ ಮನೆಯ ಹೊಸ್ತಿಲ ಹೊರಗೆ ಬಂದು, ನನಗೆ ಬೆನ್ನು ಮಾಡಿ ನಿಂತರು. ನಾನು ಎದ್ದು ಗೋಡೆಗೆ ಒತ್ತಿಕೊಂಡೆ.

"ನಿಮ್ಮಣ್ಣಗೆ ಒಂದು ಕಾಗದ ಬರಿ ತಾಯಿ. ನಾಲ್ಕು ದಿನ ಬಂದು ಇದ್ದು ಹೋಗಲಿ."

ಯಾರಿಗೆ ಹೇಳಿದರು ಅಂತ ನಾನು ಸುತ್ತ ನೋಡಿದೆ. ಕೊಟ್ಟಿಗೆ ಆ ಕಡೆ ಇತ್ತು. ಅಲ್ಲಿ ನಾನೊಬ್ಬಳೇ ಇದ್ದೆ.

"ಆಗಲಿ ಮಾವ" ಅಂದೆ.

ಅಣ್ಣ ಹೊಸದುರ್ಗದಿಂದ ಹಿರಿಯೂರಿಗೆ, ಹಿರಿಯೂರಿನಿಂದ ನಮ್ಮೂರಿಗೆ ಬಸ್ಸು ಬದಲಿಸಿ ಬಂದ. ಗುಡ್ಡ ನೋಡಿದವನೇ ತಲೆ ಕೆರೆದುಕೊಂಡ. ಟ್ರ್ಯಾಕ್ಟರ್ ರಿಪೇರಿ ಮಾಡಿಸಿ, ಕೊರಕಲು ಮುಚ್ಚಿಸಿ, ದಿಬ್ಬ ಕಡಿಸಿ, ಬುಡದಿಂದ ಹೊಲದ ತನಕ ನೆಟ್ಟನೆ ದಾರಿ ಮಾಡಿಸಿದ. ತೀರಾ ಕಡಿದಾದ ಕಡೆ, ಮೂತಿ ಎತ್ತಿ ಹಿಂದಕ್ಕೆ ಮಗುಚದಿರಲಿ ಅಂತ, ಟ್ರ್ಯಾಕ್ಟರನ್ನು ಹಿಂದುಮುಂದಾಗಿ, ಹಿಂದಿನ ಗೇರಿನಲ್ಲೇ ಹತ್ತಿಸುವುದನ್ನು ನನ್ನ ಗಂಡನಿಗೆ ಕಲಿಸಿದ. ಇಳಿಯುವಾಗ ಡೀಸೆಲ್ ಉಳಿಯಲಿ ಅಂತ ಗೇರು ಬಿಡಿಸಬಾರದು, ಮಡ್‌ಗಾರ್ಡಿನ ಮೇಲೆ ಯಾರೂ ಕೂರಬಾರದು, ಇದೆಲ್ಲ ಹೇಳಿದ. ಕೊನೆಯ ಮಾತಿಗೆ ಮಾವನ ಮುಖ ಸಣ್ಣದಾಯಿತು. "ಹಂಗಾದ್ರೆ ನಾನೆಲ್ಲಪ್ಪ ಕುಂತ್ಕಳ್ಳಿ?" ಅಂದರು. "ನೀವು ನಡ್ಕಂಡು ಹೋಗ್ರಿ ಮಾವ, ನಿಮಗಿಂತ ಅದೇ ಹಿಂದೆ ಬೀಳತೈತೆ" ಅಂದ ಅಣ್ಣ. ಮಾವ ನಕ್ಕರು. ಆ ವರ್ಷ ಬಿತ್ತನೆ ತಡವಾದರೂ ಆಯಿತು.

ಅದಾದ ಎರಡು ವರ್ಷಕ್ಕೆ ಆಂಧ್ರದ ಗಡಿಯ ಹಳ್ಳಿಯಿಂದ ಒಬ್ಬ ರೈತರು ಬಂದರು. ಅರ್ಧ ತೆಲುಗು, ಅರ್ಧ ಕನ್ನಡ. ಹೊಸದಾಗಿ ಟ್ರ್ಯಾಕ್ಟರ್ ತಂದಿದ್ದರು, ಅವರ ಹೊಲವೂ ಗುಡ್ಡದ ಮೇಲೆ. ಹತ್ತಿಸುವುದು ಹೇಗೆ ಅಂತ ಮಾವನನ್ನು ಕೇಳಿದರು.

"ನನ್ನ ಕೇಳಬ್ಯಾಡ್ರಿ" ಅಂದರು ಮಾವ. ಒಳಗೆ ತಿರುಗಿ, "ತಾಯಿ, ಬಾ ಇಲ್ಲಿ. ಇವರಿಗೆ ಹೇಳು" ಅಂದರು.

ನಾನು ಸೆರಗು ಸರಿಮಾಡಿಕೊಂಡು ಬಂದು, ಪಡಸಾಲೆಯ ಅಂಚಿನಲ್ಲಿ ನಿಂತು, ಅಣ್ಣ ಹೇಳಿದ್ದೆಲ್ಲ ಹೇಳಿದೆ. ಆತ ಕೇಳಿ, "ನೀವು ಓಡಿಸ್ತೀರೇನಮ್ಮ?" ಅಂದರು.

"ಇಲ್ಲ, ನೋಡಿದೀನಿ" ಅಂದೆ.

ಆತ ಮಜ್ಜಿಗೆ ಕುಡಿದು ಮಧ್ಯಾಹ್ನದ ಬಸ್ಸಿಗೆ ಹೋದರು. ಮುಂದಿನ ವಾರ ಅವರ ಗುಡ್ಡ ನೋಡಿಬರಲು ನನ್ನ ಗಂಡ, ಮಾವ ಹೊರಟರು. ನನ್ನನ್ನೂ ಕರೆದುಕೊಂಡು ಹೋದರು.