ಅತ್ತೆಮ್ಮನ ಕೊಳಕ್ಕೆ ನೀರು ಬಾರದ ಬೇಸಿಗೆ

ನಾನು ಸಂಡೂರಿನ ಗುಡ್ಡದ ಕಡೆಯವಳು. ನಮ್ಮ ಊರಿನ ಹಳ್ಳದಲ್ಲಿ ಮಳೆಗಾಲ ಬಿಟ್ಟರೆ ಮೊಣಕಾಲು ಮುಳುಗುವಷ್ಟು ನೀರೂ ಇರುತ್ತಿರಲಿಲ್ಲ. ಹಾಗಾಗಿ ಮದುವೆಯಾಗಿ ಕಂಪ್ಲಿಗೆ ಬಂದಾಗ, ಗಂಡನ ಮನೆಯ ಹಿತ್ತಲಲ್ಲಿ ಹೆಣ್ಣುಮಕ್ಕಳಿಗಾಗಿಯೇ ಕಟ್ಟಿಸಿದ ಈಜುಕೊಳ ಇದೆಯೆಂದು ತಿಳಿದು ನನಗೆ ಬೆರಗೂ ಆಯಿತು, ಭಯವೂ ಆಯಿತು. ಅದನ್ನು ಕಟ್ಟಿಸಿದವರು ನನ್ನ ಅತ್ತೆ.

ಅವರ ತಂಗಿ ಮದುವೆಗೆ ಮೊದಲೇ ಹೊಳೆಯಲ್ಲಿ ತೀರಿಕೊಂಡಿದ್ದರು. ಆಚೆ ದಡದ ನೆಂಟರ ಮನೆಗೆ ಹೊರಟಿದ್ದ ಹರಿಗೋಲು ಮಗುಚಿ, ಗಂಡಸರೆಲ್ಲ ಈಜಿ ದಡ ಸೇರಿದರಂತೆ. ಹೆಣ್ಣುಮಕ್ಕಳಲ್ಲಿ ಹರಿಗೋಲಿನ ಅಂಚು ಕೈಗೆ ಸಿಕ್ಕ ಅತ್ತೆಮ್ಮ ಒಬ್ಬರೇ ಉಳಿದರಂತೆ. "ನಮಗ ಯಾರೂ ಕಲಿಸಿದ್ದಿಲ್ಲ ನೋಡವಾ, ಅಷ್ಟ" ಎಂದು ಅವರು ಒಮ್ಮೆ ಅಕ್ಕಿ ಆರಿಸುತ್ತಾ ನನಗೆ ಹೇಳಿದ್ದರು. ಆ ಮಾತನ್ನು ಹೇಳುವಾಗಲೂ ಮೊರದ ಮೇಲಿದ್ದ ಕೈ ನಿಂತಿರಲಿಲ್ಲ.

ಮಾವನವರದು ಅಕ್ಕಿ ಗಿರಣಿ. ಅದರ ಹಿಂದಿನ ತೋಟದಲ್ಲಿ, ಎತ್ತರದ ಗೋಡೆಯ ಒಳಗೆ, ಕಲ್ಲು ಕಟ್ಟಿ ಗಾರೆ ಬಳಿದ ಕೊಳ. ತೋಟದ ಅಂಚಿನಲ್ಲಿ ಹಂಪಿಯ ಅರಸರ ಕಾಲದಿಂದ ಹರಿಯುವ ಕಾಲುವೆ. ದಂಡೆಯ ಮೇಲಿನ ಚಪ್ಪರದಲ್ಲಿ ಒಂದು ಎಣ್ಣೆ ಎಂಜಿನ್ನು, ಅದರ ಚಕ್ರಕ್ಕೆ ಸುತ್ತಿದ ರಬ್ಬರು ಪಟ್ಟದಿಂದ ತಿರುಗುವ ಒಂದು ಪಂಪು. ಕಾಲುವೆಯ ನೀರು ಕೊಳಕ್ಕೆ ಏರಿ, ಕೊಳದಿಂದ ಹೊರಬಿದ್ದ ನೀರು ಬಾಳೆ ಗಿಡಗಳಿಗೆ ಹೋಗುತ್ತಿತ್ತು. ಮಧ್ಯಾಹ್ನ ಊಟವಾದ ಮೇಲೆ ಓಣಿಯ ಹುಡುಗಿಯರು ಹಳೆಯ ಸೀರೆ ಕಚ್ಚೆ ಹಾಕಿಕೊಂಡು ಬರುತ್ತಿದ್ದರು. ತಂಗಿ ಹೋದ ಮೇಲೆ ಈಜು ಕಲಿತಿದ್ದ ಅತ್ತೆಮ್ಮ ನಡುವಿನವರೆಗೆ ನೀರಲ್ಲಿ ನಿಂತು ಒಬ್ಬೊಬ್ಬರನ್ನೇ ತೇಲಿಸುತ್ತಿದ್ದರು. ನಾನು ಮಾತ್ರ ಮೆಟ್ಟಿಲ ಮೇಲೆ ಕೂತು ಅವರ ಒಣ ಬಟ್ಟೆ ಕಾಯುತ್ತಿದ್ದೆ.

ಯುದ್ಧ ನಡೆದಿದ್ದ ಒಂದು ಬೇಸಿಗೆಯಲ್ಲಿ ಪಂಪು ಕೆಟ್ಟಿತು. ಎಂಜಿನ್ನು ಸರಿಯಾಗಿಯೇ ಶುರುವಾಗುತ್ತಿತ್ತು. ಮೊದಲು ಕೊಳವೆ ತುಂಬ ನೀರು ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಆ ಧಾರೆ ಹುರಿಯಷ್ಟು ತೆಳ್ಳಗಾಗಿ, ಕೊಕ್ಕೊಕ್ಕೆಂದು ಕೆಮ್ಮಿ, ನಿಂತೇಹೋಗುತ್ತಿತ್ತು. ಎಳೆಯುವ ಭಾರ ತಪ್ಪಿದ ಎಂಜಿನ್ನು ಹಗ್ಗ ಬಿಚ್ಚಿದ ಹೋರಿಯಂತೆ ಓಡತೊಡಗುತ್ತಿತ್ತು. ಕೊಳದ ನೀರು ಹಸಿರಾಯಿತು. ಹುಡುಗಿಯರು ಬರುವುದು ನಿಂತಿತು.

ಮಾವನವರು ಕೆಟ್ಟವರಲ್ಲ, ಆದರೆ ಗಿರಣಿಯ ಕೆಲಸವೇ ಅವರಿಗೆ ಸಾಕುಬೇಕಾಗಿತ್ತು. "ಆ ಗುಂಡಿ ಮುಚ್ಚಿಸಿಬಿಡೂಣು. ಮ್ಯಾಲೆ ಗಾರಿ ಬಳದ್ರ ನೆಲ್ಲು ಒಣಗ್ಸಾಕ ಚಲೋ ಕಣ ಆಕ್ಕತಿ" ಎಂದರು.

"ನೆಲ್ಲು ಎಲ್ಲಾದ್ರೂ ಒಣಗತೈತ್ರಿ. ಹುಡುಗೇರು ಎಲ್ಲಿ ಈಜು ಕಲೀಬೇಕು?" ಎಂದರು ಅತ್ತೆಮ್ಮ. ಅವರು ದನಿ ಏರಿಸಲಿಲ್ಲ. ಮಾವನವರು ಮತ್ತೆ ಆ ಮಾತೆತ್ತಲಿಲ್ಲ.

ಮರುದಿನವೇ ಅತ್ತೆಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಚಪ್ಪರಕ್ಕೆ ಹೋದರು. ಬೇಸಿಗೆಯಲ್ಲಿ ಕಾಲುವೆ ಇಳಿದು ಕೊಳವೆಯ ಬಾಯಿ ಗಾಳಿಗೆ ತೆರೆದುಕೊಂಡಿರಬಹುದೆಂಬುದು ಅವರ ಮೊದಲ ಅನುಮಾನ. ಬಿದಿರಿನ ಗಳವೊಂದನ್ನು ಇಳಿಬಿಟ್ಟು ನೋಡಿದರು. ಬಾಯಿ ಚೆನ್ನಾಗಿ ಮುಳುಗಿತ್ತು. ಕೊಳವೆಯ ಬಾಯಿಗಿದ್ದ ಜಾಲರಿಯಲ್ಲಿ ಪಾಚಿ, ನೆಲ್ಲಿನ ಹೊಟ್ಟು ಸಿಕ್ಕಿಕೊಂಡಿರಬೇಕೆಂದು ಗಿರಣಿಯ ಆಳನ್ನು ಇಳಿಸಿ ತೊಳೆಸಿದರು. ಒಂದು ಬುಟ್ಟಿ ಕಸ ಬಂತು. ಎಂಜಿನ್ನು ಹಚ್ಚಿದರೆ ಮತ್ತೆ ಅದೇ ಕೆಮ್ಮು. ನಾನಾಗಿದ್ದರೆ ಅಲ್ಲಿಗೆ ಕೈಬಿಡುತ್ತಿದ್ದೆ. ಅತ್ತೆಮ್ಮ ಮುಖ ತೊಳೆದುಕೊಂಡು, "ಕಸ ಇತ್ತು ಖರೆ. ಆದ್ರ ರೋಗ ಅದಲ್ಲ" ಎಂದರು.

ಹೊಸಪೇಟೆಯ ಮೇಸ್ತ್ರಿಗೆ ಹೇಳಿಕಳಿಸಿದರು. ಸುತ್ತಲಿನ ಗಿರಣಿಗಳ ಎಂಜಿನ್ನುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ, ಮಾತು ಕಡಿಮೆಯ ಮನುಷ್ಯ. ಪಂಪು ಬಿಚ್ಚಿ ಒಳಗಿನ ಚಕ್ರ ನೋಡಿದರು, ಸವೆದಿರಲಿಲ್ಲ. ಕೊಳವೆಯ ತುಂಬ ನೀರು ಹೊಯ್ದು, ಕೂತು ಮಜ್ಜಿಗೆ ಕುಡಿದು, ಮತ್ತೆ ನೋಡಿದರು, ನೀರು ಇಳಿದಿರಲಿಲ್ಲ. ಎಂದರೆ ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ಕೆಳಗಿನ ಕವಾಟವೂ ಭದ್ರವಾಗಿತ್ತು. ಜೋಡಣೆಗಳಿಗೆಲ್ಲ ಸೋಪಿನ ನೊರೆ ಹಚ್ಚಿ ನೋಡಿದರು. ಆ ಬಿಸಿಲಿಗೆ ನೊರೆ ನೋಡನೋಡುತ್ತಲೇ ಒಣಗಿಹೋಯಿತು.

"ಅಮ್ಮಾರ, ಎಲ್ಲಿಂದನೋ ಗಾಳಿ ಎಳ್ಕಣಾಕತ್ತೈತಿ. ಗಾಳಿ ಹೊಕ್ಕರ ಪಂಪು ನೀರಿನ ಕೈ ಬಿಡತೈತಿ. ಎಲ್ಲಿ ಹೊಕ್ಕತೈತಿ ಅಂತ ಕಾಣವಲ್ದು" ಎಂದರು.

ಅತ್ತೆಮ್ಮ ಕೊಳವೆಯ ಉದ್ದಕ್ಕೂ ಕಣ್ಣಾಡಿಸಿದರು. "ಗಾಳಿ ಕಾಣಂಗಿಲ್ಲ. ಹೊಗಿ ಕಾಣತೈತಲ್ರಿ?"

ಮೇಸ್ತ್ರಿ ತಲೆಯೆತ್ತಿ ಅವರನ್ನು ನೋಡಿದರು. "ಕಾಣತೈತ್ರಿ. ಆದ್ರ ಈ ಬಯಲ ಗಾಳಿಗೆ ನಿಲ್ಲಬೇಕಲ್ಲ."

"ನಿಲ್ಲಸೂಣು" ಎಂದು ಅತ್ತೆಮ್ಮ ನನ್ನ ಕಡೆ ತಿರುಗಿದರು. "ಏ ಹುಡುಗಿ, ಜಲ್ದಿ ಹೋಗು. ದೇವರ ಮನ್ಯಾಗಿನ ಊದಿನಕಡ್ಡಿ ತಗಂಬಾ. ದೊಡ್ಡ ಜಮಖಾನಾನೂ ತಾ."

ಅಡುಗೆಯವಳು ಮತ್ತು ನಾನು ಜಮಖಾನದ ಎರಡು ತುದಿ ಹಿಡಿದು ಕೊಳವೆಯ ಸುತ್ತ ಮರೆ ಕಟ್ಟಿ ನಿಂತೆವು. ಮೇಸ್ತ್ರಿ ಎಂಜಿನ್ನು ಹಚ್ಚಿದರು. ನೀರು ಬರತೊಡಗಿತು. ಅದು ನಿಲ್ಲುವುದರೊಳಗೆ ಹುಡುಕಬೇಕಿತ್ತು. ಅತ್ತೆಮ್ಮ ಊದಿನಕಡ್ಡಿಯನ್ನು ಒಂದೊಂದು ಜೋಡಣೆಯ ಸುತ್ತ ನಿಧಾನವಾಗಿ, ಮಗುವಿಗೆ ದೃಷ್ಟಿ ತೆಗೆಯುವ ಹಾಗೆ ಸುತ್ತಿಸಿದರು. ಹೊಗೆ ನೆಟ್ಟಗೆ ಏರುತ್ತಿತ್ತು. ದಂಡೆಯ ಇಳಿಜಾರಿನ ಜೋಡಣೆಗೆ ಬಂದಾಗ ಅವರು ಮಣ್ಣಿನಲ್ಲಿ ಮೊಣಕಾಲೂರಿ ಕಡ್ಡಿಯನ್ನು ಕೊಳವೆಯ ಅಡಿಗೆ ಹಿಡಿದರು. ಏರುತ್ತಿದ್ದ ಹೊಗೆ ತಟ್ಟನೆ ಬಾಗಿ, ದಾರ ಸೂಜಿಯೊಳಗೆ ಹೋದಂತೆ ಕಬ್ಬಿಣದೊಳಗೆ ಹೋಯಿತು.

"ಸಿಕ್ಕತು!" ಎಂದು ಕೂಗಿದರು. ಅತ್ತೆಮ್ಮ ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮೇಸ್ತ್ರಿ ಪಕ್ಕದಲ್ಲೇ ಮಲಗಿ ನೋಡಿದರು. ಕೊಳವೆಗೆ ಆಸರೆಯಾಗಿದ್ದ ಕಲ್ಲು, ನೀರಿಗಿಳಿಯುವ ಎಮ್ಮೆಗಳ ತುಳಿತಕ್ಕೆ ದಂಡೆ ಕುಸಿದು, ಜಾರಿಹೋಗಿತ್ತು. ಕೊಳವೆಯ ಭಾರವೆಲ್ಲ ಆ ಒಂದು ಜೋಡಣೆಯ ಮೇಲೆ ಬಿದ್ದಿತ್ತು. ಸುಮ್ಮನಿದ್ದಾಗ ಅದು ಭದ್ರವಾಗಿಯೇ ಇರುತ್ತಿತ್ತು. ಎಂಜಿನ್ನಿನ ನಡುಕಕ್ಕೆ ಅಡಿಯಲ್ಲಿ ಕೂದಲೆಳೆಯಷ್ಟು ಬಾಯಿ ಬಿಡುತ್ತಿತ್ತು. "ಅದಕ್ಕ ನೀರು ಹೊಯ್ದು ನೋಡಿದಾಗ ಸುಳ್ಳು ಹೇಳ್ತು ನೋಡ್ರಿ" ಎಂದು ಮೇಸ್ತ್ರಿ ಮನಸಾರೆ ನಕ್ಕರು.

ಯುದ್ಧದ ದೆಸೆಯಿಂದ ಮದ್ರಾಸಿನಿಂದ ಸಾಮಾನು ಬರುವ ಕಾಲವಲ್ಲ ಅದು. ಗಿರಣಿಯಲ್ಲಿ ಬಿದ್ದಿದ್ದ ಹಳೆಯ ಪಟ್ಟದ ತುಂಡನ್ನು ಮೇಸ್ತ್ರಿ ಬಳೆಯಾಕಾರಕ್ಕೆ ಕತ್ತರಿಸಿದರು. ಎಷ್ಟು ನಾಜೂಕಿನ ಕೈ ಅದು! ಒಂದು ಎಳೆಯೂ ಹೊರಗೆ ಚಾಚಿರಲಿಲ್ಲ. ಅದನ್ನು ಜೋಡಣೆಯ ನಡುವೆ ಕೂರಿಸಿ ಬಿಗಿದರು. ಅಷ್ಟರಲ್ಲಿ ಅತ್ತೆಮ್ಮ ಆಳುಗಳಿಂದ ದಂಡೆ ಅಗೆಸಿ, ಕೊಳವೆಯ ಕೆಳಗೆ ಹೊಸ ಚಪ್ಪಡಿ ಹಾಕಿಸಿದರು. ಎಮ್ಮೆ ಕಾಯುವವನನ್ನು ಕರೆದು ಬೈಯಲಿಲ್ಲ. ಸ್ವಲ್ಪ ಕೆಳಗೆ ಅವಕ್ಕೆ ಬೇರೆ ಇಳಿದಾರಿ ಮಾಡಿಸಿಕೊಟ್ಟರು.

ಸಂಜೆ ಎಂಜಿನ್ನು ಹಚ್ಚಿದರು. ನೀರು ಬಂತು. ನಾವೆಲ್ಲ ಆ ಧಾರೆಯನ್ನೇ ನೋಡುತ್ತಾ ನಿಂತೆವು. ಬರುತ್ತಲೇ ಇತ್ತು. ಮೇಸ್ತ್ರಿ ಕೈ ಒರೆಸಿಕೊಂಡು, "ಅಮ್ಮಾರ, ಇನ್ಮ್ಯಾಲೆ ನನ್ನ ಚೀಲದಾಗೂ ಒಂದು ಕಟ್ಟು ಊದಿನಕಡ್ಡಿ ಇರತೈತ್ರಿ" ಎಂದರು. ಅತ್ತೆಮ್ಮ ಅವರಿಗೆ ಹೋಳಿಗೆ ಊಟ ಬಡಿಸಿ ಕಳಿಸಿದರು. ಗೋಡೆಯಾಚೆಯಿಂದ ಮಾವನವರ ದನಿ ಕೇಳಿತು: "ನೀರು ಏರಾಕತ್ತೈತೇನು?"

"ಏರಾಕತ್ತೈತ್ರಿ" ಎಂದರು ಅತ್ತೆಮ್ಮ.

"ಮತ್ತ ನಾಳೆ ಹುಡುಗೇರಿಗೆ ಹೇಳಿಕಳಸು" ಎಂದು ಅವರು ಗಿರಣಿಗೆ ಹೋದರು.

ಹಳೆಯ ನೀರು ಹೊರಗೆ ಬಿಟ್ಟು, ಪಾಚಿ ತಿಕ್ಕಿ, ಹೊಸ ನೀರು ತುಂಬಿಸಿದ ಮೇಲೆ ಓಣಿಯ ಹುಡುಗಿಯರೆಲ್ಲ ಬಂದರು. ನಾನು ಎಂದಿನಂತೆ ಬಟ್ಟೆ ಕಾಯಲು ಕೂತೆ. ಅತ್ತೆಮ್ಮ ನೀರಲ್ಲಿ ನಿಂತೇ ನನ್ನತ್ತ ಕೈ ಚಾಚಿದರು.

"ಬಾರವಾ."

"ಬ್ಯಾಡ್ರಿ ಅತ್ತೆಮ್ಮಾ, ನನಗ ಭಾಳ ಅಂಜಿಕಿ."

"ನನಗೂ ಅಂಜಿಕಿ ಐತಿ. ಇವತ್ತಿಗೂ ಐತಿ. ಬಾ."

ಅಷ್ಟು ವರ್ಷ ದಿನಾ ನೀರಿಗಿಳಿಯುತ್ತಿದ್ದವರು ಆ ಮಾತು ಹೇಳಿದರೆ ಯಾರು ಕೂತಿರಲು ಸಾಧ್ಯ? ಇಳಿದೆ. ಅವರ ಅಂಗೈ ನನ್ನ ಹೊಟ್ಟೆಯ ಕೆಳಗೆ ಕೊಳವೆಯ ಅಡಿಗೆ ಹಾಕಿಸಿದ ಚಪ್ಪಡಿಯಷ್ಟೇ ಗಟ್ಟಿಯಾಗಿತ್ತು. ಮೂಗು ಬಾಯಿಗೆಲ್ಲ ನೀರು ಹೋಗಿ ಕೆಮ್ಮಿದೆ, ಹುಡುಗಿಯರು ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಮಳೆ ಹಿಡಿಯುವ ಹೊತ್ತಿಗೆ ಕೊಳದ ಈ ಅಂಚಿನಿಂದ ಆ ಅಂಚಿಗೆ ಯಾರ ಕೈಯೂ ಹಿಡಿಯದೆ ಹೋಗಿ ಮುಟ್ಟುತ್ತಿದ್ದೆ.